ಇಪ್ಪತ್ತೇಳೂವರೆ ಇಂಚು

ನೆಲಮಾಳಿಗೆಯ ಮೆಟ್ಟಿಲು ಏಳನೆಯದರಲ್ಲಿ ಎಡಕ್ಕೆ ಹೊರಳುತ್ತದೆ.
ಅಲ್ಲಿ ಗೋಡೆಯಿಂದ ಗೋಡೆಗೆ ಇಪ್ಪತ್ತೇಳೂವರೆ ಇಂಚು.
ನಾನೇ ಅಳೆದೆ, ಪರದೆ ಕಾರ್ಖಾನೆಯಿಂದ ತಂದ ಬಟ್ಟೆಯ ಟೇಪಿನಲ್ಲಿ,
ಎರಡು ಸಲ. ಮೂರನೆಯ ಸಲ ಫೌಸ್ತೀನು ಅಳೆದ,
ನನ್ನ ಮೇಲೆ ಅನುಮಾನವಲ್ಲ,
ಗೋಡೆಗೇ ಮನಸ್ಸು ಕರಗಿ ಒಂದೆಳೆ ಹಿಂದೆ ಸರಿದೀತೆಂಬ ಆಸೆ.

ಅವನು ಮೆಚ್ಚಿಕೊಂಡು ಬಂದಿದ್ದ ದೊಡ್ಡ ಪೆಟ್ಟಿಗೆಯ ಬೆನ್ನು ಇಪ್ಪತ್ತೆಂಟು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ನಮ್ಮ ಹಾಸಿಗೆ ಈ ತಿರುವು.
ಅರ್ಧ ಇಂಚಿಗಾಗಿ ಮೂರಂತಸ್ತಿನ ಮನೆ ಒಡೆಯುವವರುಂಟೆ?
ಒಂದು ರಾತ್ರಿ ಅವನು ಅಲ್ಲಿ ಉಳಿ ಹಿಡಿದು ನಿಂತದ್ದನ್ನು
ನಾನು ಯಾರಿಗೂ ಹೇಳಿಲ್ಲ.

ಫಾಲ್ ರಿವರ್‌ನಿಂದ ಆಚೆ, ಹೆದ್ದಾರಿಯ ಮಗ್ಗುಲಲ್ಲಿ ಅಂಗಡಿ.
ನಲವತ್ತು ತೆರೆಗಳಲ್ಲಿ ಒಂದೇ ಗಿಳಿ, ಒಂದೇ ಸಲ ರೆಕ್ಕೆ ಬಿಚ್ಚುತ್ತಿತ್ತು.
ಡೆಸ್ಮಂಡ್ ಎಂಬ ಹುಡುಗ, ಕೊರಳಲ್ಲಿ ಅಂಗಡಿಯ ಬಿಲ್ಲೆ,
ಬೆನ್ನು ಹದಿನಾಲ್ಕೇ ಇಂಚಿರುವ ಎರಡನ್ನು ತೋರಿಸಿದ.
ಒಂದರೊಳಗೆ ಚಕ್ರ ತಿರುಗುತ್ತದಂತೆ,
ಕೆಂಪು, ಹಸಿರು, ನೀಲಿ, ಒಂದಾದ ಮೇಲೊಂದು,
ಕಣ್ಣು ಮೋಸಹೋಗಿ ಬೆರೆಸಿಕೊಳ್ಳುತ್ತದಂತೆ.

ನನ್ನ ಕಣ್ಣು ಬೆರೆಸಲಿಲ್ಲ.
ಗಿಳಿಯಿಂದ ಫೌಸ್ತೀನುವಿನ ಮುಖಕ್ಕೆ ನೋಟ ಹೊರಳಿಸಿದಾಗಲೆಲ್ಲ
ಬಿಳಿಯ ಅಂಚಿನಿಂದ ಮೂರು ಬಣ್ಣದ ಚೂರು ಸಿಡಿಯುತ್ತಿತ್ತು,
ಯಾರೋ ಕತ್ತರಿಸಿ ಎಸೆದ ಕಾಮನಬಿಲ್ಲಿನ ತುದಿ.
"ಎಲ್ಲಿ?" ಎಂದ ಫೌಸ್ತೀನು. "ಎಲ್ಲಿ?" ಎಂದ ಡೆಸ್ಮಂಡ್,
ಆಮೇಲೆ ತಗ್ಗಿದ ದನಿಯಲ್ಲಿ, ಕೆಲವರಿಗೆ ಕಾಣುತ್ತೆ ಮೇಡಂ, ಕೆಲವರಿಗಷ್ಟೆ.
ಇಪ್ಪತ್ತಾರು ವರ್ಷ ಓಡುವ ಬಟ್ಟೆಯಲ್ಲಿ
ತಪ್ಪಿದ ಎಳೆ ಹುಡುಕಿದ ಕಣ್ಣು ಇದು.
ಸಂಬಳ ನಿಂತರೂ ಕೆಲಸ ಬಿಟ್ಟಿಲ್ಲ.

ಇನ್ನೊಂದರಲ್ಲಿ ಚಕ್ರವಿಲ್ಲ, ಮೂರು ಪುಟ್ಟ ಗಾಜಿನ ಫಲಕ.
ನನಗೆ ಹಾಯೆನಿಸಿತು. ಈಗ ಅವನ ಸರದಿ:
"ಇದು ಕಪ್ಪಲ್ಲ, ಬೂದಿ."
ಚಿಪ್ಪುಮೀನಿನ ದೋಣಿಯಲ್ಲಿ ಹದಿನೆಂಟು ಚಳಿಗಾಲ
ರಾತ್ರಿಪಾಳಿ ನಿಂತವನು. ಕಪ್ಪು ಎಂದರೇನೆಂದು
ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅವನಿಗೆ ಕಾಣದ್ದು ನನಗೆ, ನನಗೆ ಕಾಣದ್ದು ಅವನಿಗೆ.
ಮೂವತ್ತೊಂದು ವರ್ಷ ಒಂದೇ ಪೆಟ್ಟಿಗೆಯ ಮುಂದೆ ಕೂತು
ಇಬ್ಬರೂ ನೋಡಿದ್ದು ಏನೇನೋ.

ಮತ್ತೆ ನಾದಿನಿ ಇಡಲೀನಾಳ ಪ್ರಶ್ನೆ.
ಮೂರನೆಯ ಅಂತಸ್ತಿನಿಂದ ಶನಿವಾರ ಇಳಿದು ಬರುತ್ತಾಳೆ,
ಕೂರುವವಳಲ್ಲ, ನಿಂತೇ ಇಸ್ತ್ರಿ ಮಾಡುತ್ತ ನೋಡುವವಳು.
ಇಂಥ ತೆರೆ ನಿಂತವರಿಗೆ ಮಬ್ಬು, ಕೂತವರಿಗೇ ಬೆಳಕು:
ಡೆಸ್ಮಂಡ್ ಬಗ್ಗಿ, ಎದ್ದು, ಮತ್ತೆ ಬಗ್ಗಿ ತೋರಿಸಿದ,
ಚರ್ಚಿನಲ್ಲಿ ಹೊಸಬನ ಹಾಗೆ.
"ಅವಳು ಕೂರಲಿ," ಎಂದ ಫೌಸ್ತೀನು.
ಇದನ್ನು ಅವಳಿಗೆ ಹೇಳುವ ಕೆಲಸ ಯಾರದೆಂದು
ಮನೆ ಮುಟ್ಟುವ ತನಕ ವಾದಿಸಿದೆವು.

ಕೊನೆಗೆ ಕೊಂಡದ್ದು ಬೂದಿಯನ್ನೇ, ನಲವತ್ತಮೂರು ಇಂಚಿನದು.
ಕಂಬಳಿ ಸುತ್ತಿ, ತುಂಬು ಬಸುರಿಯನ್ನು ಇಳಿಸುವ ಹಾಗೆ ಇಳಿಸಿದರು.
ಏಳನೆಯ ಮೆಟ್ಟಿಲಲ್ಲಿ ಅದು ತಡವರಿಸಲೂ ಇಲ್ಲ.
ಫೌಸ್ತೀನುವಿಗೆ ಅದೇ ಕೊಂಚ ಬೇಸರ.
ಪಕ್ಕದಲ್ಲಿ ಉಳಿದ ಖಾಲಿಯನ್ನು ಅಂಗೈಯಲ್ಲಿ ಸವರಿದ.

ಆ ವಾರವೆಲ್ಲ ಏನೇನೋ ಮಾಡಿ, ತೆರೆಯ ಬೆನ್ನ ಹಿಂದೆ
ಒಂದು ಸಣ್ಣ ದೀಪ ಇಟ್ಟ. ಗೋಡೆ ಬೆಳಗಿತು,
ಅದರ ಮುಂದೆ ಬೂದಿ ನಾಚಿ ಕಪ್ಪಾಯಿತು.
ಮೋಸ, ನನಗೆ ಗೊತ್ತು. ಅವನಿಗೂ ಗೊತ್ತು.

ಇಡಲೀನಾ ಕೂತಳೇ? ಇಲ್ಲ.
ಇಸ್ತ್ರಿ ಮೇಜಿನ ಹಿಂದೆ ನಿಂತು, ಯಾಕಿಷ್ಟು ಕತ್ತಲೆ ಅನ್ನುತ್ತಾಳೆ.
ಯಾರಾದರೂ ಸಾಯುವ ಗಳಿಗೆ ಬಂದರೆ ಮಾತ್ರ
ಮೊಣಕಾಲು ಬಗ್ಗಿಸುತ್ತಾಳೆ, ಅಂಗಿಯ ತೋಳು ಕೈಯಲ್ಲೇ.

ಸಿನಿಮಾ ಮುಗಿದು ಗುಂಡಿ ಒತ್ತಿದ ಮೇಲೂ
ಒಳಗಿನ ಫ್ಯಾನು ಒಂದು ನಿಮಿಷ ತಿರುಗುತ್ತದೆ,
ಉರಿದ ಲ್ಯಾಂಪನ್ನು ತಣಿಸಲು.
ಆಗ ಯಾರೂ ಹೊರಡುವುದಿಲ್ಲ, ಮಾತೂ ಇಲ್ಲ.
ಅದು ನಿಂತ ಮೇಲೆ, "ಸರಿ ಹಾಗಾದರೆ," ಎಂದು ಇಡಲೀನಾ
ಮಡಿಚಿದ ಅಂಗಿಗಳನ್ನು ಎದೆಗೊತ್ತಿಕೊಂಡು
ಮೆಟ್ಟಿಲ ತಿರುವಿನಲ್ಲಿ ಬಲಕ್ಕೆ ಹೊರಳುತ್ತಾಳೆ.